ಇಂಧನದ ಲೆಕ್ಕ ಮತ್ತು ಬದಲಾಗುವ ಖರ್ಚಿನ ದರ

ಮಳೆಗಾಲದಲ್ಲಿ ಬಜ್ಪೆಯ ಮೇಲೆ ಮೋಡ ಕವಿದಾಗ ಮಂಗಳೂರಿಗೆ ಬರಬೇಕಾದ ವಿಮಾನಗಳು ಬೆಂಗಳೂರಿಗೋ ಕೊಚ್ಚಿಗೋ ತಿರುಗಿ ಹೋಗುವುದು ನಗರದ ವ್ಯಾಪಾರಿಗಳಿಗೆ ಹೊಸದಲ್ಲ. ವ್ಯವಹಾರ ಕೆಟ್ಟಿತೆಂಬ ಬೇಸರ ಸಹಜವೇ. ಆದರೆ ಹಾಗೆ ತಿರುಗಿ ಹೋಗಲು ಸಾಧ್ಯವಾಗುವುದು, ಅದಕ್ಕೆ ತಗಲುವ ಇಂಧನವನ್ನು ಹೊರಡುವ ಮುನ್ನವೇ ತುಂಬಿಸಿಕೊಂಡಿರುವುದರಿಂದ.

ವಿಮಾನದ ಇಂಧನವನ್ನು ಬಾಬುವಾರು ಲೆಕ್ಕ ಹಾಕಲಾಗುತ್ತದೆ. ಗಮ್ಯಸ್ಥಾನದವರೆಗಿನ ಪ್ರಯಾಣಕ್ಕೆ ಒಂದು ಪಾಲು, ಎದುರುಗಾಳಿಯಂತಹ ಅನಿರೀಕ್ಷಿತಗಳಿಗೆ ಒಂದು, ಪರ್ಯಾಯ ನಿಲ್ದಾಣ ತಲುಪಲು ಮತ್ತೊಂದು. ಇವೆಲ್ಲ ಮುಗಿದ ಮೇಲೂ ಜೆಟ್ ವಿಮಾನದಲ್ಲಿ 30 ನಿಮಿಷ ಹಾರುವಷ್ಟು ಉಳಿದಿರಬೇಕು. ಸಣ್ಣ ವಿಮಾನಗಳಿಗೆ ಅಂತರರಾಷ್ಟ್ರೀಯ ಮಾನದಂಡವು ಹಗಲಿನ ಹಾರಾಟಕ್ಕೆ 30, ರಾತ್ರಿಗೆ 45 ನಿಮಿಷಗಳ ಮೀಸಲನ್ನು ವಿಧಿಸುತ್ತದೆ. ಸಣ್ಣ ವಿಮಾನದ ಚಾಲಕರು ಮೀಟರನ್ನಷ್ಟೇ ನಂಬದೆ ಟ್ಯಾಂಕಿಗೆ ಅಳತೆಕೋಲು ಅದ್ದಿ ನೋಡುವುದುಂಟು. ದಾಸ್ತಾನು ಪುಸ್ತಕ ಬದಿಗಿಟ್ಟು ಗೋದಾಮಿನಲ್ಲಿ ಮೂಟೆ ಎಣಿಸಿದಂತೆ. ಹೆಚ್ಚುವರಿ ಇಂಧನವನ್ನು ಹೊತ್ತೊಯ್ಯಲೂ ಇಂಧನ ಬೇಕಾಗುವುದರಿಂದ, ಮೀಸಲನ್ನು ಕಡಿತಗೊಳಿಸುವ ಆಸೆ ಮೂಡುವುದು ಅಚ್ಚರಿಯಲ್ಲ.

ಆದರೆ ಮೀಸಲಿದ್ದರೂ ಲೆಕ್ಕ ತಪ್ಪಬಹುದೆಂಬುದಕ್ಕೆ ನಮ್ಮ ದೇಶದ್ದೇ ನಿದರ್ಶನವಿದೆ. 1993ರ ನವೆಂಬರ್ 15ರಂದು ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ-300 ವಿಮಾನವು ಮದ್ರಾಸಿನಿಂದ ಹೈದರಾಬಾದಿಗೆ ಹೊರಟಿತ್ತು. ಅಲ್ಲಿ ಗೋಚರತೆ ಸಾಲದೆ ಇಳಿಯುವ ಯತ್ನವನ್ನು ಕೈಬಿಡಬೇಕಾಯಿತು. ಇಳಿಯಲೆಂದು ಹೊರಚಾಚಿದ್ದ ರೆಕ್ಕೆಯ ಫ್ಲ್ಯಾಪುಗಳು ಮರಳಿ ಒಳಸೇರಲಿಲ್ಲ. ವಿಮಾನ ಮದ್ರಾಸಿನತ್ತ ತಿರುಗಿತು. ಫ್ಲ್ಯಾಪು ಚಾಚಿದ ವಿಮಾನಕ್ಕೆ ಗಾಳಿಯ ತಡೆ ಹೆಚ್ಚು. ವೇಗ ಇಳಿದು, ಪ್ರತಿ ಕಿಲೋಮೀಟರಿಗೆ ಇಂಧನದ ಖರ್ಚು ಬಹಳ ಏರುತ್ತದೆ. ದೂರ ಅಷ್ಟೇ ಇದ್ದರೂ ದರ ಬದಲಾಗಿತ್ತು. ಈ ಏರಿಕೆಯನ್ನು ಸಕಾಲದಲ್ಲಿ ಗಣನೆಗೆ ತೆಗೆದುಕೊಳ್ಳದ್ದರಿಂದ ಮದ್ರಾಸು ತಲುಪುವಷ್ಟು ಇಂಧನ ಉಳಿಯಲಿಲ್ಲ. ವಿಮಾನವನ್ನು ತಿರುಪತಿಯ ಬಳಿ ಭತ್ತದ ಗದ್ದೆಯಲ್ಲಿ ಇಳಿಸಬೇಕಾಯಿತು. ಒಳಗಿದ್ದ 262 ಮಂದಿಯೂ ಬದುಕಿದರು. ವಿಮಾನ ಮತ್ತೆ ಹಾರಲಿಲ್ಲ. ಕೆಸರುಗದ್ದೆ ಸಿಕ್ಕಿದ್ದು ಯೋಜನೆಯ ಫಲವಲ್ಲ, ಅದೃಷ್ಟ.

ಉದ್ದಿಮೆಯ ನಗದು ಅಂದಾಜಿನಲ್ಲಿಯೂ ಇದೇ ತಪ್ಪು ನುಸುಳುತ್ತದೆ. ತಿಂಗಳಿಗೆ 6 ಲಕ್ಷ ರೂಪಾಯಿ ವೆಚ್ಚದ ಗೋಡಂಬಿ ಘಟಕವೊಂದು 18 ಲಕ್ಷ ಮೀಸಲಿಟ್ಟು 3 ತಿಂಗಳು ನಿಶ್ಚಿಂತೆ ಎಂದುಕೊಂಡಿತೆನ್ನೋಣ. ತಿರುಳಿನ ಮಾರಾಟ ನಿಧಾನಗೊಂಡಾಗ ಗೋದಾಮಿನ ಬಾಡಿಗೆಯೂ ಬ್ಯಾಂಕಿನ ಬಡ್ಡಿಯೂ ಜೊತೆಗೇ ಏರುತ್ತವೆ. ತಿಂಗಳ ವೆಚ್ಚ 9 ಲಕ್ಷಕ್ಕೆ ಮುಟ್ಟಿದರೆ ಅದೇ 18 ಲಕ್ಷ ಬರುವುದು 2 ತಿಂಗಳಿಗೆ ಮಾತ್ರ.