ಬಡಿಗೇರ ಕಾಕಾನ ವಿಡಿಯಾ ಬ್ಲೇಡು

ನಮ್ಮೂರ ಬಡಿಗೇರ ಕಾಕಾ ಬಾಗಿಲು ಮಾಡುವುದನ್ನು ನೀವೆಲ್ಲ ನೋಡಿದ್ದೀರಿ. ಅವರ ಕರೆಂಟಿನ ಕೀಸುಳಿಗೆ ಮೊದಲು ಉಕ್ಕಿನ ಬ್ಲೇಡು ಇದ್ದವು. ಸಾಗವಾನಿ ಕಟ್ಟಿಗೆಯಲ್ಲಿ ಸಿಲಿಕಾ, ಅಂದರೆ ಮರಳಿನ ಅಂಶ ಇರುತ್ತದೆ. ಅದನ್ನು ಹೆರೆದರೆ ಉಕ್ಕು ಬೇಗ ಮೊಂಡಾಗುತ್ತದೆ. ಸಾಣೆ ಹಿಡಿಸಲು ರಾಣೇಬೆನ್ನೂರಿಗೆ ಹೋದರೆ ಅರ್ಧ ದಿನದ ದುಡಿಮೆ ಹೋಯ್ತು!

ಈಗ ಕಾರ್ಬೈಡ್ ಬ್ಲೇಡು ಹಾಕಿದ್ದಾರೆ. ಅಂಗಡಿಯಲ್ಲಿ ‘ವಿಡಿಯಾ’ ಅಂದರೆ ಸಾಕು, ತಿಳಿಯುತ್ತದೆ. 1920ರ ದಶಕದಲ್ಲಿ ಜರ್ಮನಿಯ ಕ್ರುಪ್ ಕಂಪನಿ ಇಟ್ಟ ಹೆಸರದು. ‘ವಜ್ರದ ಹಾಗೆ’ ಎಂಬ ಅರ್ಥದ ಜರ್ಮನ್ ಮಾತಿನಿಂದ ಬಂದದ್ದು. ಟಂಗ್‌ಸ್ಟನ್ ಮತ್ತು ಇಂಗಾಲ ಕೂಡಿದ ಪುಡಿಗೆ ಕೋಬಾಲ್ಟ್ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಸುಮಾರು 1400 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟು ಮಾಡುತ್ತಾರೆ. ಬೆಲೆ ಹೆಚ್ಚು, ಆದರೆ ಉಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು ದಿನ ಹರಿತ ಇರುತ್ತದೆ.

ಈ ಬ್ಲೇಡಿಗೆ ಎರಡು ಬಾಯಿ. ಒಂದು ಮೊಂಡಾದರೆ ತಿರುಗಿಸಿ ಹಾಕಿದರಾಯ್ತು. ದೊಡ್ಡ ಮಷೀನುಗಳಿಗೆ ಸಣ್ಣ ಚೌಕ ತುಂಡು ಬರುತ್ತವೆ. ಅವಕ್ಕೆ ನಾಲ್ಕು ಬಾಯಿ. ತಿರುಗಿಸುವ ಮೊದಲು ಪ್ಲಗ್ ಕೀಳಬೇಕು. ಬ್ಲೇಡು ಕೂರುವ ಜಾಗದ ಹೊಟ್ಟನ್ನೂ ಒರೆಸಬೇಕು. ಇಲ್ಲದಿದ್ದರೆ ಅದು ಸಮ ಕೂರುವುದಿಲ್ಲ.

“ಹಂಗಾರ ಇದಕ್ಕ ಏನೂ ಆಗೂದಿಲ್ಲೇನ್ರಿ ಕಾಕಾ?” ಎಂದು ಕೇಳಿದೆ.

“ಗಟ್ಟಿ ಐತಿ ಖರೆ ತಮ್ಮಾ, ಆದ್ರ ಪೆಡಸು. ಮೊಳಿ ಸಿಕ್ರ ಬಾಯಿ ಮುಕ್ಕಾಗತೈತಿ” ಎಂದರು.

ಉಕ್ಕು ಮುಕ್ಕಾದರೆ ಸಾಮಾನ್ಯ ಸಾಣೆಯಲ್ಲಿ ಸರಿಮಾಡಬಹುದು. ಕಾರ್ಬೈಡಿಗೆ ವಜ್ರದ ಪುಡಿಯ ಸಾಣೆಯೇ ಬೇಕು. ಅದಕ್ಕೇ ಮೊನ್ನೆ ಬ್ಯಾಡಗಿಯಿಂದ ಹಳೇ ಮನೆಯ ತೊಲೆ ಬಂದಾಗ ಕಾಕಾ ಮಷೀನು ಮುಟ್ಟಲಿಲ್ಲ. ಮೊದಲು ನನ್ನನ್ನು ಮೊಳೆ ಹುಡುಕಲು ಕೂರಿಸಿದರು. ಏಳು ಸಿಕ್ಕವು! ಆಮೇಲೆ ತಾವೂ ಕೈಯಾಡಿಸಿ ನೋಡಿದರು. ಎಂಟನೆಯದು ಅವರಿಗೆ ಸಿಕ್ಕಿತು.