ಗಾಯ ಒಂದು ಕಡೆ, ಮದ್ದು ಇನ್ನೊಂದು ಕಡೆ

ಅಮೆರಿಕದಲ್ಲಿ ಮಾಲೀಕರು ಬಿಟ್ಟುಹೋದ ಹಳೇ ಕಲ್ಲಿದ್ದಲು ಗಣಿಗಳನ್ನು ಸರಿಪಡಿಸಲು 1977ರಲ್ಲಿ ಒಂದು ನಿಧಿ ಮಾಡಿದರು. ಗಣಿ ನಡೆಸುವವರು ಟನ್ನಿಗಿಷ್ಟು ಅಂತ ಶುಲ್ಕ ಕಟ್ಟಬೇಕು. ತೆರೆದ ಗಣಿಗೆ ಆಗ 35 ಸೆಂಟ್. ಸರಿ, ಆದರೆ ಹಂಚಿಕೆ ನೋಡಿ! ಅರ್ಧ ಪಾಲು, ಈಗ ಕಲ್ಲಿದ್ದಲು ತೆಗೆಯುವ ರಾಜ್ಯಕ್ಕೇ. ಹಾಗಾಗಿ ಹಳೇ ಗಣಿಗಳ ಮುಖ್ಯ ಕೆಲಸ 1984ರಲ್ಲೇ ಮುಗಿಸಿದ ವಯೋಮಿಂಗಿಗೆ ಆಮೇಲೂ ವರ್ಷಗಟ್ಟಲೆ ಹಣ ಹೋಯಿತು. ಹೊಳೆಗಳಲ್ಲಿ ಗಣಿಯ ಆಮ್ಲನೀರು ಕಿತ್ತಳೆ ಬಣ್ಣಕ್ಕೆ ಹರಿಯುವ ಪೆನ್ಸಿಲ್ವೇನಿಯಾಕ್ಕೆ ಸಾಲದೇ ಬಂತು.

2021ರ ಕಾನೂನು ಖಜಾನೆಯಿಂದ ಸುಮಾರು 1,130 ಕೋಟಿ ಡಾಲರ್ ತೆಗೆದಿಟ್ಟು, 1977ಕ್ಕೆ ಮೊದಲು ತೆಗೆದ ಕಲ್ಲಿದ್ದಲಿನ ಲೆಕ್ಕದಲ್ಲಿ ಹಂಚಿ ಅಂದಿತು. ಶುಲ್ಕವನ್ನೂ ಪೂರ್ತಿ ಹಾಗೇ ಹಂಚಬೇಕು ಅಂತ ನನ್ನ ವಾದ. ಕಲ್ಲಿದ್ದಲು ಕಡಿಮೆಯಾದಂತೆ ಶುಲ್ಕ ಬತ್ತುತ್ತದೆ, ಆಮ್ಲನೀರು ಬತ್ತುವುದಿಲ್ಲವಲ್ಲ!