ಕಿತ್ತೂರಿನ ಆ ಪೆಟ್ಟಿಗೆ

ಕಿತ್ತೂರು ಅಂದಕೂಡಲೇ ನಮ್ಮ ಕಣ್ಣೆದುರು ನಿಲ್ಲುವುದು ರಾಣಿ ಚೆನ್ನಮ್ಮ, 1824ರ ಕಾಳಗ. ಅದೇ ಕಿತ್ತೂರಿನಲ್ಲಿ 1986ರ ಜುಲೈನಲ್ಲಿ ಇನ್ನೊಂದು ಚರಿತ್ರೆ ಸದ್ದಿಲ್ಲದೆ ಶುರುವಾಯಿತು ಎಂದು ಓದಿದ ದಿನ ಕುಳಿತಲ್ಲೇ ಮೈ ಜುಂ ಎಂದಿತು. ನಮ್ಮದೇ ಎಂಜಿನಿಯರುಗಳು ಹಳ್ಳಿಗೆಂದೇ ಕಟ್ಟಿದ ಡಿಜಿಟಲ್ ಟೆಲಿಫೋನ್ ಎಕ್ಸ್‌ಚೇಂಜ್ ಮೊಟ್ಟಮೊದಲು ಕೆಲಸಕ್ಕೆ ನಿಂತದ್ದು ಅಲ್ಲಿ!

ಅದಕ್ಕೂ ಹಿಂದಿನ ದಿನಗಳನ್ನು ನೆನೆಸಿಕೊಳ್ಳಿ. ದೂರದೂರಿಗೆ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕು; ಆಪರೇಟರ್ ವೈರಿನ ತುದಿಯನ್ನು ಹಲಗೆಯ ತೂತಿಗೆ ಸಿಕ್ಕಿಸಿದರಷ್ಟೇ ಮಾತು. ಹೊಸ ನಮೂನೆಯ ಎಕ್ಸ್‌ಚೇಂಜ್ ತರಿಸೋಣವೆಂದರೆ ಅದು ಹೊರದೇಶದ್ದು, ಅದಕ್ಕೆ ಎ.ಸಿ. ಕೋಣೆಯೇ ಬೇಕು. ಕರೆಂಟ್ ಬಂದು ಹೋಗುವ ಹಳ್ಳಿಯಲ್ಲಿ ಎ.ಸಿ. ಎಲ್ಲಿಂದ ಬರಬೇಕು?

ಸ್ಯಾಮ್ ಪಿತ್ರೋಡಾ ಮುಂದಾಳತ್ವದಲ್ಲಿ 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆಯ ಯುವ ಎಂಜಿನಿಯರುಗಳು ಈ ಕಗ್ಗಂಟು ಬಿಡಿಸಿದ ಬಗೆ ನೋಡಿ! ಹಳ್ಳಿಗೆ ತಂಪು ಹೊತ್ತೊಯ್ಯಲಿಲ್ಲ, ಬಿಸಿಯೇರದ ಯಂತ್ರ ಮಾಡಿದರು. ಕಡಿಮೆ ವಿದ್ಯುತ್ ಸಾಕಾಗುವಂತೆ ಒಳಗಿನ ಚಿಪ್‌ಗಳನ್ನು ಜೋಡಿಸಿದರು. ಸೆಖೆ, ದೂಳು ಎರಡಕ್ಕೂ ಜಗ್ಗದ 128 ಲೈನುಗಳ ಪೆಟ್ಟಿಗೆ ಸಿದ್ಧವಾಯಿತು.

ಆ ಪೆಟ್ಟಿಗೆಯೊಳಗೆ ಒಮ್ಮೆ ಇಣುಕಿ! ನೀವು 'ಹಲೋ' ಅಂದಿರಿ. ಪೆಟ್ಟಿಗೆ ಆ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತದೆ, ಪ್ರತಿ ಅಳತೆಯನ್ನೂ ಎಂಟು ಸೊನ್ನೆ-ಒಂದುಗಳಲ್ಲಿ ಬರೆದಿಡುತ್ತದೆ. ಎರಡು ಅಳತೆಗಳ ನಡುವಿನ ಬಿಡುವಿನಲ್ಲಿ ಪಕ್ಕದ ಮನೆಯವರ ದನಿ, ಅದರ ಬೆನ್ನಿಗೆ ಅಂಗಡಿಯವರ ದನಿ, ಆಮೇಲೆ ಮತ್ತೆ ನಿಮ್ಮದು. ಒಂದೇ ದಾರಿಯಲ್ಲಿ ಹತ್ತಾರು ಮಾತು ಸಾಲುಗಟ್ಟಿ ಓಡುತ್ತವೆ. ಒಂದರ ಚೂರು ಇನ್ನೊಂದಕ್ಕೆ ಸೇರುವುದಿಲ್ಲ. ಆ ಕಡೆಯ ಕಿವಿಗೆ ಅಮ್ಮನ ದನಿ ಅಮ್ಮನದಾಗಿಯೇ ತಲುಪುತ್ತದೆ!

ಇನ್ನೂ ದೊಡ್ಡ ಬೆರಗು ಮುಂದಿದೆ. ಜಾಲವೆಂದರೆ ಮೊದಲು ಮಹಾನಗರ, ಅಲ್ಲಿ ಉಳಿದದ್ದು ಹಳ್ಳಿಗೆ ಎಂದೇ ನಾವು ನಂಬಿದ್ದೆವು. ಇಲ್ಲಿ ಹೊಳೆ ಮೇಲ್ಮುಖವಾಗಿ ಹರಿಯಿತು. ಹಳ್ಳಿಗೆಂದು ಮಾಡಿದ ಈ ಪೆಟ್ಟಿಗೆ ಊರೂರಿಗೆ ಹಬ್ಬಿತು. ಅದೇ ಕುಟುಂಬದ ಎಕ್ಸ್‌ಚೇಂಜ್‌ಗಳು ಬೆಳೆದು ಸಾವಿರಾರು ಲೈನು ಹೊತ್ತು ಪಟ್ಟಣ, ನಗರಗಳನ್ನೂ ಸೇರಿದವು. ಮೂಲೆ ಮೂಲೆಯಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬೆಳಗಿದ ಆ ಕಾಲದಲ್ಲಿ ನಗರದ ಎಷ್ಟೋ ಕರೆಗಳನ್ನು ದಾಟಿಸಿದ್ದು, ಕಿತ್ತೂರಿನ ಸೆಖೆಯಲ್ಲಿ ಪಾಸಾದ ಪೆಟ್ಟಿಗೆಯ ವಂಶ!